ಮದರಾಸಿನ ತೀರಕ್ಕಿಳಿದ ಸೈನ್ಯ

ನೆಲದ ಮೇಲೆ ನಡೆಯುವ ಯುದ್ಧದ ರೀತಿ ಒಂದು. ಕಡಲಿನ ಮೇಲೆ ನಡೆಯುವ ಯುದ್ಧದ ರೀತಿ ಇನ್ನೊಂದು. ಇವೆರಡೂ ಒಂದುಗೂಡುವ ಸ್ಥಳ ತೀರ. ಹಡಗುಗಳಲ್ಲಿ ಬಂದ ಸೈನ್ಯವು ಶತ್ರುವಿನ ನೆಲಕ್ಕೆ ಇಳಿದು, ಅಲ್ಲಿ ಕಾಲೂರಿ, ಮುಂದೆ ಸಾಗುವುದು ಯುದ್ಧವಿದ್ಯೆಯಲ್ಲೆಲ್ಲ ಅತ್ಯಂತ ಕಠಿಣವಾದ ಕಾರ್ಯವೆಂದು ಬಲ್ಲವರು ಹೇಳುತ್ತಾರೆ. ಕಪ್ಪೆಯು ನೀರಿನಲ್ಲಿಯೂ ನೆಲದ ಮೇಲೂ ಬಾಳಬಲ್ಲುದಾದ್ದರಿಂದ ಅದನ್ನು ಉಭಯಚರ ಪ್ರಾಣಿಯೆಂದು ನಾವು ಪಾಠದಲ್ಲಿ ಓದಿದ್ದೇವಷ್ಟೆ. ಹಾಗೆಯೇ ಈ ಬಗೆಯ ಯುದ್ಧಕ್ಕೂ ಉಭಯಚರ ಯುದ್ಧವೆಂಬ ಹೆಸರು ಬಂದಿದೆ. ಸುಲಭಕ್ಕಾಗಿ ನಾವು ಇದನ್ನು ಈ ಲೇಖನದಲ್ಲಿ ‘ದಡವಿಳಿತ’ ಎಂದು ಕರೆಯೋಣ.

ದಡವಿಳಿತವೆಂದೊಡನೆ ನಮ್ಮಲ್ಲಿ ಹಲವರಿಗೆ 1944ನೆಯ ಇಸವಿ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ನಡೆದ ಮಹಾಕಾರ್ಯವು ನೆನಪಾಗುವುದು ಸಹಜ. ಆದರೆ ಇಂಥ ಒಂದು ಪ್ರಸಂಗವು ಅದಕ್ಕೆ ಸುಮಾರು 200 ವರ್ಷಗಳ ಹಿಂದೆ ನಮ್ಮ ಚೆನ್ನೈಯ ತೀರದಲ್ಲಿಯೇ ನಡೆಯಿತೆಂಬುದು ಎಲ್ಲರಿಗೂ ತಿಳಿದಿರಲಾರದು. ಅದು ಹೇಗೆ ನಡೆಯಿತು, ಏಕೆ ಗೆದ್ದಿತು, ಗೆದ್ದ ಮೇಲೂ ಏಕೆ ಉಳಿಯಲಿಲ್ಲ ಎಂಬುದನ್ನು ವಿಚಾರಮಾಡುವುದೇ ನಮ್ಮ ಉದ್ದೇಶ.

ಮೊದಲು ದಡವಿಳಿತಕ್ಕೆ ಬೇಕಾದ ಅಂಗಗಳಾವುವು ಎಂಬುದನ್ನು ನೋಡೋಣ. ಒಂದನೆಯದು, ಕಡಲಿನ ಒಡೆತನ. ದಾರಿಯಲ್ಲಿ ಶತ್ರುವಿನ ಹಡಗುಗಳು ಅಡ್ಡಬರುವಂತಿದ್ದರೆ ಸೈನ್ಯವು ತೀರವನ್ನು ಮುಟ್ಟುವುದೇ ಇಲ್ಲ. ಎರಡನೆಯದು, ಕಾಲ, ಗಾಳಿ, ಮಳೆ, ಉಬ್ಬರವಿಳಿತಗಳು ಅನುಕೂಲವಾಗಿರಬೇಕು. ಮೂರನೆಯದು, ಸ್ಥಳ, ದೋಣಿ ಒಡೆಯದ, ಶತ್ರುವಿನ ಗುಂಡು ತಾಕದ ಜಾಗವನ್ನು ಹುಡುಕಬೇಕು. ನಾಲ್ಕನೆಯದು, ಹಡಗಿನಿಂದ ದಡಕ್ಕೆ ಆಳುಗಳನ್ನೂ ಫಿರಂಗಿಗಳನ್ನೂ ಮದ್ದುಗುಂಡುಗಳನ್ನೂ ಸಾಗಿಸುವ ಸಾಧನ. ಐದನೆಯದು, ಇಳಿದವರಿಗೆ ದಿನದಿನವೂ ಅನ್ನ, ನೀರು, ಮದ್ದುಗಳು ತಲಪುವ ವ್ಯವಸ್ಥೆ. ಈ ಐದರಲ್ಲಿ ಒಂದು ತಪ್ಪಿದರೂ ಉಳಿದ ನಾಲ್ಕೂ ವ್ಯರ್ಥವಾಗುತ್ತವೆ.

ನಮ್ಮ ಕನ್ನಡ ಕರಾವಳಿಯಲ್ಲಿ ಈ ಕಾರ್ಯವು ತಕ್ಕಮಟ್ಟಿಗೆ ಸುಲಭ. ಅಲ್ಲಿ ಘಟ್ಟದಿಂದಿಳಿದ ನದಿಗಳು ಕಡಲನ್ನು ಸೇರುವಲ್ಲಿ ಅಗಲವಾದ ಅಳಿವೆಗಳಿವೆ. ಸಣ್ಣ ಹಡಗುಗಳು ಒಳಕ್ಕೆ ನುಗ್ಗಿ ಶಾಂತವಾದ ನೀರಿನಲ್ಲಿ ನಿಲ್ಲಬಹುದು. 1665ರಲ್ಲಿ ಶಿವಾಜಿಯು ಮಾಲವಣದಿಂದ ಕಡಲ ದಾರಿಯಾಗಿ ಬಂದು ಸಂಪದ್ಭರಿತವಾದ ಬಸರೂರಿನ ಮೇಲೆ ಬಿದ್ದುದು ಇಂಥ ಅನುಕೂಲದಿಂದಲೇ. 1783ರಲ್ಲಿ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ಮುಂಬಯಿಯಿಂದ ಬಂದು ಕುಮಟೆಯ ಸಮೀಪದಲ್ಲಿ ಇಳಿದು, ಹೊನ್ನಾವರವನ್ನು ಹಿಡಿದು, ಘಟ್ಟವನ್ನೇರಿ ಬಿದನೂರಿಗೆ ಹೋದನು. ಆದರೆ ತೀರದಿಂದ ದೂರವಾದಷ್ಟೂ ಅವನಿಗೆ ಹಡಗುಗಳ ಬೆಂಬಲವು ಕಡಿಮೆಯಾಯಿತು. ಅದೇ ವರ್ಷ ಟಿಪ್ಪು ಸುಲ್ತಾನನು ಬಿದನೂರನ್ನು ಮುತ್ತಲು ಅವನು ಸೈನ್ಯಸಮೇತನಾಗಿ ಶರಣಾಗಬೇಕಾಯಿತು. ಇಳಿಯುವುದು ಬೇರೆ, ಇಳಿದ ಮೇಲೆ ನಿಲ್ಲುವುದು ಬೇರೆ ಎಂಬುದಕ್ಕೆ ಇದು ಸಾಕಾದ ನಿದರ್ಶನ.

ಚೋಳಮಂಡಲ ತೀರದ ಸ್ವಭಾವವೇ ಬೇರೆ. ಇಲ್ಲಿ ಕಡಲು ನೆಟ್ಟಗೆ ಮರಳಿನ ದಿಬ್ಬಕ್ಕೆ ಬಂದು ಬಡಿಯುತ್ತದೆ. ಕೂವಂ, ಅಡೆಯಾರು ಎಂಬ ನದಿಗಳಿದ್ದರೂ ಅವುಗಳ ಬಾಯಿಯನ್ನು ಮರಳು ವರ್ಷದ ಬಹುಭಾಗ ಮುಚ್ಚುತ್ತದೆ. 18ನೆಯ ಶತಮಾನದಲ್ಲಿ ಮದರಾಸಿಗೆ ಬಂದರೆಂಬುದೇ ಇರಲಿಲ್ಲ. ಹಡಗುಗಳು ದಡದಿಂದ ಬಹಳ ದೂರದಲ್ಲಿ ಬಯಲುಕಡಲಿನಲ್ಲಿ ಲಂಗರುಹಾಕಿ ನಿಲ್ಲಬೇಕಾಗಿತ್ತು. ನಡುವೆ ಇದ್ದುದು ಮಗುಚುವ ತೆರೆಗಳ ಸಾಲು. ಆಳದ ನೀರಿನಲ್ಲಿ ಮೆಲ್ಲಗೆ ಏರಿಳಿಯುತ್ತ ಬರುವ ಅಲೆಯು ಆಳವು ಕಡಿಮೆಯಾದಲ್ಲಿಗೆ ಬಂದಾಗ ಅದರ ಬುಡಕ್ಕೆ ನೆಲವು ತಡೆಯೊಡ್ಡುತ್ತದೆ. ಬುಡದ ವೇಗವು ಕುಗ್ಗುತ್ತದೆ. ತಲೆಯು ಮಾತ್ರ ಮುಂದಕ್ಕೆ ಬಾಗಿ, ಎತ್ತರವಾಗಿ, ಕೊನೆಗೆ ಕುಸಿದು ನೊರೆಯಾಗುತ್ತದೆ. ನೀರಿನಡಿಯಲ್ಲಿ ತೀರಕ್ಕೆ ಸಮಾನಾಂತರವಾಗಿ ಮರಳಿನ ಏರಿಗಳಿರುವುದರಿಂದ ಇಂಥ ತೆರೆಗಳು ಒಂದರ ಹಿಂದೊಂದು ಸಾಲಾಗಿ ಒಡೆಯುತ್ತವೆ. ಗಟ್ಟಿಯಾದ ಮೊಳೆಹೊಡೆದ ಯೂರೋಪಿನ ದೋಣಿಯು ಈ ಸಾಲಿನಲ್ಲಿ ಸಿಕ್ಕಿ ಮರಳಿಗೆ ಬಡಿದರೆ ಹಲಗೆ ಹಲಗೆಯಾಗಿ ಒಡೆದುಹೋಗುವ ಭಯವಿತ್ತು.

ಇದಕ್ಕೆ ನಮ್ಮ ತೀರದ ಜನರು ಕಂಡುಕೊಂಡಿದ್ದ ಉಪಾಯವು ಮಸೂಲಾ ದೋಣಿ. ಈ ದೋಣಿಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ನಡುವೆ ಹುಲ್ಲು ನಾರುಗಳನ್ನಿಟ್ಟು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿಯುವಂತೆ ಹೊಲಿದು ಅದನ್ನು ಕಟ್ಟುತ್ತಿದ್ದರು. ತಳ ಚಪ್ಪಟೆ, ಮಗ್ಗುಲು ಎತ್ತರ. ನೆಲಕ್ಕೆ ಬಡಿದಾಗ ಅದು ಒಡೆಯದೆ ಬಳುಕುತ್ತಿತ್ತು. ಹಿಂಬದಿಯಲ್ಲಿ ನಿಂತ ಚುಕ್ಕಾಣಿಗನು ತೆರೆಗಳ ವರಸೆಯನ್ನು ನೋಡುತ್ತ, ದೊಡ್ಡ ತೆರೆಯು ದಾಟಿದೊಡನೆ ಸನ್ನೆಕೊಡುವನು. ಹುಟ್ಟುಹಾಕುವವರು ಒಂದೇ ದನಿಯಲ್ಲಿ ಹಾಡುತ್ತ ಒಂದೇ ಬೀಸಿನಲ್ಲಿ ದೋಣಿಯನ್ನು ದಡಕ್ಕೆಸೆಯುವರು. ಕಟ್ಟುಮರದವರು ಪಕ್ಕದಲ್ಲಿಯೇ ಇದ್ದು, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವರು. ರಾಜ್ಯಪಾಲನೇ ಬರಲಿ, ಕಂಪನಿಯ ಬೆಳ್ಳಿಯ ಪೆಟ್ಟಿಗೆಯೇ ಬರಲಿ, ಈ ಬೆಸ್ತರ ಕೈಯನ್ನು ಹಾದೇ ಮದರಾಸಿಗೆ ಬರಬೇಕಾಗಿತ್ತು. ದೊಡ್ಡವರ ಹೆಸರುಗಳನ್ನು ಬರೆದಿಟ್ಟ ಚರಿತ್ರೆಯು ಇವರ ಹೆಸರುಗಳನ್ನು ಬರೆದಿಡಲಿಲ್ಲ.

ಇನ್ನು 1746ರ ಕಥೆಗೆ ಬರೋಣ. ಯೂರೋಪಿನಲ್ಲಿ ಆಸ್ಟ್ರಿಯ ದೇಶದ ಸಿಂಹಾಸನದ ವಿಷಯವಾಗಿ ಎದ್ದ ಜಗಳವು 1744ರ ಹೊತ್ತಿಗೆ ಇಂಗ್ಲೆಂಡ್ ಮತ್ತು ಫ್ರಾನ್ಸುಗಳ ನಡುವಣ ಬಹಿರಂಗ ಯುದ್ಧವಾಗಿತ್ತು. ಮದರಾಸಿನಲ್ಲಿ ಇಂಗ್ಲಿಷರ ಕಂಪನಿ, ಪುದುಚೇರಿಯಲ್ಲಿ ಫ್ರೆಂಚರ ಕಂಪನಿ. ಪುದುಚೇರಿಯ ಅಧಿಪತಿಯು ಡೂಪ್ಲೆ. ಮಾರಿಷಸ್ ದ್ವೀಪದ ಅಧಿಪತಿಯು ಲಾ ಬೂರ್ದೊನೆ. ಕಡಲಿನಲ್ಲಿಯೇ ಬೆಳೆದ ಸಾಹಸಿ. ಇವನು ಇದ್ದ ಹಡಗುಗಳನ್ನೇ ಯುದ್ಧಕ್ಕೆ ಅಣಿಮಾಡಿಕೊಂಡು ಹೊರಟನು. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗುಗಳು ಜಖಂಗೊಂಡರೂ, ಮಡಗಾಸ್ಕರ್ ಬಳಿಯಲ್ಲಿ ಅವನ್ನು ಸರಿಪಡಿಸಿಕೊಂಡು ಮುಂದೆ ಬಂದನು. 1746ರ ಜುಲೈಯಲ್ಲಿ ನಾಗಪಟ್ಟಣದ ಸಮೀಪದಲ್ಲಿ ಪೇಟನ್ ಎಂಬ ಇಂಗ್ಲಿಷ್ ನೌಕಾಧಿಪತಿಯೊಡನೆ ಕಾಳಗವಾಯಿತು. ಕಾಳಗವು ನಿರ್ಣಾಯಕವಾಗಲಿಲ್ಲ, ಆದರೆ ಪೇಟನ್ನನು ಹಿಂದಕ್ಕೆ ಸರಿದು, ಕೊನೆಗೆ ಬಂಗಾಳದ ಕಡೆಗೆ ಹೊರಟುಹೋದನು. ಮದರಾಸಿನ ಮುಂದಿನ ಕಡಲು ಬರಿದಾಯಿತು. ನಾವು ಮೊದಲು ಹೇಳಿದ ಐದು ಅಂಗಗಳಲ್ಲಿ ಒಂದನೆಯದು ಫ್ರೆಂಚರ ಕೈಸೇರಿದುದು ಹೀಗೆ. ಕೋಟೆಯ ಭವಿಷ್ಯವು ಒಂದು ಗುಂಡು ಹಾರುವುದಕ್ಕೆ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿತ್ತೆನ್ನಬಹುದು.

ಇಲ್ಲಿ ದಿನಾಂಕಗಳ ವಿಷಯವಾಗಿ ಒಂದು ಮಾತು ಅಗತ್ಯ. ಆ ಕಾಲದಲ್ಲಿ ಇಂಗ್ಲಿಷರ ಪಂಚಾಂಗವು ಫ್ರೆಂಚರ ಪಂಚಾಂಗಕ್ಕಿಂತ 11 ದಿನ ಹಿಂದಿತ್ತು. 1752ರಲ್ಲಿಯೇ ಇಂಗ್ಲೆಂಡ್ ಅದನ್ನು ತಿದ್ದಿಕೊಂಡುದು. ಆದುದರಿಂದ ಒಂದೇ ಘಟನೆಗೆ ಒಂದು ಗ್ರಂಥದಲ್ಲಿ ಒಂದು ದಿನವೂ ಇನ್ನೊಂದು ಗ್ರಂಥದಲ್ಲಿ ಇನ್ನೊಂದು ದಿನವೂ ಕಂಡುಬಂದರೆ ವಿದ್ಯಾರ್ಥಿಗಳು ಗಾಬರಿಗೊಳ್ಳಬೇಕಾದುದಿಲ್ಲ. ನಾವು ಇಲ್ಲಿ ಈಗಿನ ಪಂಚಾಂಗವನ್ನೇ ಅನುಸರಿಸಿದ್ದೇವೆ.

ಸೆಪ್ಟೆಂಬರ್ 14ರಂದು ಫ್ರೆಂಚ್ ಹಡಗುಗಳು ಮದರಾಸಿನ ದಕ್ಷಿಣಕ್ಕೆ ಕೆಲವು ಮೈಲಿ ದೂರದಲ್ಲಿ ಲಂಗರುಹಾಕಿದವು. ಕೋಟೆಯ ಎದುರಿಗೇ ಏಕೆ ಇಳಿಯಲಿಲ್ಲವೆಂದು ಕೇಳಬಹುದು. ಆಗ ಕಡಲು ಸೇಂಟ್ ಜಾರ್ಜ್ ಕೋಟೆಯ ಗೋಡೆಗೆ ಬಹಳ ಸಮೀಪದಲ್ಲಿತ್ತು. ತೆರೆಗಳ ನಡುವೆ ಹೊಯ್ದಾಡುವ ದೋಣಿಯಲ್ಲಿ ಕುಳಿತ ಸಿಪಾಯಿಯು ಬಂದೂಕು ಹಾರಿಸಲಾರ, ಓಡಲಾರ, ಅಡಗಲಾರ. ಕೋಟೆಯ ಫಿರಂಗಿಗೆ ಅವನು ಸುಲಭವಾದ ಗುರಿ. ಆದುದರಿಂದ ಶತ್ರುವಿಲ್ಲದ ಜಾಗದಲ್ಲಿ ಇಳಿದು, ತೀರವನ್ನು ಹಿಡಿದು ಉತ್ತರಕ್ಕೆ ನಡೆದು, ಬೆನ್ನ ಕಡೆಯಿಂದ ಪಟ್ಟಣವನ್ನು ಮುತ್ತುವುದೇ ಜಾಣತನ. ಲಾ ಬೂರ್ದೊನೆಯು ಹಾಗೆಯೇ ಮಾಡಿದನು. ಕಾಲಾಳುಗಳು ತೀರದ ಮೇಲೆ ನಡೆದುಬಂದರೆ, ಹಡಗುಗಳು ಅವರಿಗೆ ಜೊತೆಯಾಗಿ ಕಡಲಿನಲ್ಲಿ ಸಾಗಿಬಂದವು. ಹೀಗೆ ಸೈನ್ಯದ ಒಂದು ಮಗ್ಗುಲನ್ನು ಹಡಗುಗಳೇ ಕಾಯುತ್ತಿದ್ದವು.

ಆ ಕಾಲದ ಚರಿತ್ರೆಯನ್ನು ಬರೆದ ರಾಬರ್ಟ್ ಆರ್ಮನ ಲೆಕ್ಕದಂತೆ ಮುತ್ತಿಗೆಗೆ ನೇಮಿಸಿದ ದಳದಲ್ಲಿ ಸುಮಾರು 1,100 ಮಂದಿ ಯೂರೋಪಿಯನ್ನರೂ, 400 ಮಂದಿ ಆಫ್ರಿಕದವರೂ, 400 ಮಂದಿ ನಮ್ಮ ದೇಶದ ಸಿಪಾಯಿಗಳೂ ಇದ್ದರು. ಪಟ್ಟಣದಲ್ಲಿದ್ದ ಇಂಗ್ಲಿಷರಾದರೋ ಒಟ್ಟು 300 ಮಂದಿಗೆ ಮೀರಿರಲಿಲ್ಲ. ಅವರಲ್ಲಿ ಸಿಪಾಯಿಗಳು ಸುಮಾರು 200. ಕೋಟೆಯು ವ್ಯಾಪಾರದ ಮಳಿಗೆಗೆ ತಕ್ಕ ಗೋಡೆಯೇ ಹೊರತು ಮುತ್ತಿಗೆಯನ್ನು ತಡೆಯುವ ಗೋಡೆಯಾಗಿರಲಿಲ್ಲ. ಗುಂಡುಗಳನ್ನು ಮೇಲಕ್ಕೆ ಚಿಮ್ಮಿ ಗೋಡೆಯ ಒಳಗೆ ಬೀಳಿಸುವ ಗಿಡ್ಡ ಫಿರಂಗಿಗಳನ್ನು ಫ್ರೆಂಚರು ದಡದಲ್ಲಿ ಹೂಡಿದರು. ಹಡಗುಗಳೂ ಕಡಲಿನಿಂದ ಗುಂಡು ಹಾರಿಸಿದವು. ಸೆಪ್ಟೆಂಬರ್ 21ರಂದು ಅಧಿಪತಿ ನಿಕೊಲಾಸ್ ಮಾರ್ಸನು ಶರಣಾದನು. ಮುತ್ತಿಗೆಯಲ್ಲಿ ಫ್ರೆಂಚರ ಕಡೆ ಒಬ್ಬನೂ ಸಾಯಲಿಲ್ಲ. ಇಂಗ್ಲಿಷರಲ್ಲಿ ನಾಲ್ಕೈದು ಮಂದಿ ಸತ್ತರು ಎಂದು ಆರ್ಮನು ಹೇಳಿದ್ದಾನೆ. ದಡವಿಳಿದ ಏಳು ದಿನಗಳಲ್ಲಿ ಮದರಾಸು ಫ್ರೆಂಚರದಾಯಿತು.

ಆದರೆ ಗೆದ್ದವರು ಅಲ್ಲಿಂದಲೇ ಸೋಲತೊಡಗಿದರು. ಲಾ ಬೂರ್ದೊನೆಯು ಶರಣಾದವರೊಡನೆ ಒಪ್ಪಂದ ಮಾಡಿಕೊಂಡು, 11 ಲಕ್ಷ ವರಹಗಳನ್ನು ಕೊಟ್ಟರೆ ಪಟ್ಟಣವನ್ನು ಹಿಂದಿರುಗಿಸುವೆನೆಂದು ಮಾತುಕೊಟ್ಟನು. ಡೂಪ್ಲೆಯು ಅದನ್ನು ಒಪ್ಪಲಿಲ್ಲ. ಅವನು ಆರ್ಕಾಟಿನ ನವಾಬ ಅನ್ವರುದ್ದೀನ್ ಖಾನನಿಗೆ ಮದರಾಸನ್ನು ಗೆದ್ದು ಒಪ್ಪಿಸುವೆನೆಂದು ಬೇರೊಂದು ಮಾತು ಕೊಟ್ಟಿದ್ದನು. ಒಂದೇ ಪಟ್ಟಣದ ವಿಷಯವಾಗಿ ಇಬ್ಬರು ಎರಡು ಮಾತು ಕೊಟ್ಟರೆ ಎರಡೂ ಉಳಿಯುವುದು ಹೇಗೆ? ಅವರಿಬ್ಬರೂ ವಾದಿಸುತ್ತ ಕುಳಿತಿರಲು ದಿನಗಳು ಕಳೆದವು, ಅಕ್ಟೋಬರ್ ಬಂದಿತು.

ಅಕ್ಟೋಬರ್ ಎಂದರೆ ಈ ತೀರದಲ್ಲಿ ಈಶಾನ್ಯದ ಮಾರುತಗಳು ಎದ್ದೇಳುವ ಕಾಲ. ಬಂದರಿಲ್ಲದ ಕಡೆ ಲಂಗರುಹಾಕಿದ ಹಡಗಿಗೆ ಆಗ ರಕ್ಷಣೆಯಿಲ್ಲ. ಅನುಭವಿಗಳಾದ ನಾವಿಕರು ಅದಕ್ಕೆ ಮೊದಲೇ ಈ ತೀರವನ್ನು ಬಿಟ್ಟು ಹೋಗುತ್ತಿದ್ದರು. ಲಾ ಬೂರ್ದೊನೆಗೆ ಇದು ತಿಳಿಯದ ವಿಷಯವಲ್ಲ. ಆದರೂ ಜಗಳವು ಮುಗಿಯದೆ ಅವನು ಉಳಿದನು. ಅಕ್ಟೋಬರ್ 13ರ ರಾತ್ರಿ ಭಯಂಕರವಾದ ಚಂಡಮಾರುತವು ಎದ್ದಿತು. ಹಲವು ಹಡಗುಗಳು ಮುಳುಗಿದವು. ಉಳಿದವುಗಳ ಕಂಬಗಳು ಮುರಿದವು. ಸುಮಾರು 1,200 ಮಂದಿ ಪ್ರಾಣವನ್ನು ಕಳೆದುಕೊಂಡರು. ಕೋಟೆಯ ಫಿರಂಗಿಗಳು ಮಾಡಲಾರದುದನ್ನು ಒಂದು ರಾತ್ರಿಯ ಗಾಳಿಯು ಮಾಡಿತು. ಕಾಲವೆಂಬ ಎರಡನೆಯ ಅಂಗವನ್ನು ಅಲಕ್ಷ್ಯಮಾಡಿದುದರ ಫಲವಿದು.

ಲಾ ಬೂರ್ದೊನೆಯು ಉಳಿದ ಹಡಗುಗಳೊಡನೆ ಹೊರಟುಹೋದ ಮೇಲೆ ಡೂಪ್ಲೆಯು ಒಪ್ಪಂದವನ್ನು ಮುರಿದನು. ನವಾಬನಿಗೆ ಕೊಟ್ಟ ಮಾತನ್ನೂ ನಡಸಲಿಲ್ಲ. ನವಾಬನ ಮಗ ಮಹ್‌ಫೂಜ್ ಖಾನನು ಹತ್ತು ಸಾವಿರ ಮಂದಿಯೆಂದು ಹೇಳಲಾದ ಸೈನ್ಯದೊಡನೆ ಬಂದು ಅಡೆಯಾರು ನದಿಯ ದಡದಲ್ಲಿ ನಿಂತನು. ಪಾರದಿ ಎಂಬ ಸ್ವಿಸ್ ಅಧಿಕಾರಿಯು ಸಾವಿರಕ್ಕೂ ಕಡಮೆ ಆಳುಗಳೊಡನೆ ಬಂದು, ನದಿಯನ್ನು ಹಾಯ್ದು, ಸಾಲಾಗಿ ನಿಂತು ಗುಂಡುಹಾರಿಸುತ್ತ ಮುನ್ನುಗ್ಗಿ ಆ ದೊಡ್ಡ ಸೈನ್ಯವನ್ನು ಚದರಿಸಿದನು. ಶಿಸ್ತನ್ನು ಕಲಿತ ಸಣ್ಣ ದಳವು ಶಿಸ್ತಿಲ್ಲದ ದೊಡ್ಡ ದಂಡನ್ನು ಗೆಲ್ಲಬಲ್ಲುದೆಂಬುದು ಅಂದು ಯೂರೋಪಿಯನ್ನರಿಗೆ ಮನವರಿಕೆಯಾಯಿತು. ಆ ಗೆಲುವಿನಲ್ಲಿ ಬಹುಪಾಲು ಆಳುಗಳು ನಮ್ಮ ದೇಶದ ಸಿಪಾಯಿಗಳೇ ಎಂಬುದು ವಿಚಾರಮಾಡತಕ್ಕ ಸಂಗತಿ. ಮುಂದಿನ ಇನ್ನೂರು ವರ್ಷಗಳ ಚರಿತ್ರೆಯ ಬೀಜವು ಆ ಮರಳಿನಲ್ಲಿ ಬಿದ್ದಿತು.

ಮುರಿದ ಮಾತಿಗೆ ಇನ್ನೊಂದು ಫಲವೂ ಉಂಟಾಯಿತು. ಸೆರೆಸಿಕ್ಕ ಇಂಗ್ಲಿಷರು ಫ್ರೆಂಚರ ವಿರುದ್ಧ ಕತ್ತಿಯೆತ್ತುವುದಿಲ್ಲವೆಂದು ವಚನ ಕೊಟ್ಟಿದ್ದರು. ಒಪ್ಪಂದವನ್ನು ಫ್ರೆಂಚರೇ ಮುರಿದ ಮೇಲೆ ಆ ವಚನವು ತಮ್ಮನ್ನು ಕಟ್ಟದೆಂದು ಅವರಲ್ಲಿ ಕೆಲವರು ಭಾವಿಸಿ, ವೇಷಮರಸಿಕೊಂಡು ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಗೆ ಓಡಿಹೋದರು. ಅವರಲ್ಲಿ ಸುಮಾರು 21 ವರ್ಷದ ಒಬ್ಬ ಗುಮಾಸ್ತನಿದ್ದನು. ಅವನ ಹೆಸರು ರಾಬರ್ಟ್ ಕ್ಲೈವ್. ಲೆಕ್ಕದ ಪುಸ್ತಕವನ್ನು ಬಿಟ್ಟು ಅವನು ಕತ್ತಿಹಿಡಿದುದು ಆ ಬಳಿಕ.

ಊರಿನ ಜನರ ಪಾಡನ್ನೂ ಮರೆಯಬಾರದು. ಕೋಟೆಯ ಉತ್ತರಕ್ಕೆ, ಈಗಿನ ಹೈಕೋರ್ಟಿನ ಆವರಣವಿರುವಲ್ಲಿ, ನಮ್ಮ ದೇಶದ ವರ್ತಕರೂ ನೇಕಾರರೂ ಕುಶಲಕರ್ಮಿಗಳೂ ವಾಸವಾಗಿದ್ದ ಪೇಟೆಯಿತ್ತು. ಫಿರಂಗಿಗೆ ಎದುರು ಬಯಲಾಗಿರಬೇಕೆಂದು ಫ್ರೆಂಚರು ಅದರ ಒಂದು ಭಾಗವನ್ನು ಕೆಡವಿದರು. ಶ್ರೀಮಂತ ವರ್ತಕರನ್ನು ಪುದುಚೇರಿಗೆ ಸೆಳೆಯಲು ಡೂಪ್ಲೆಯು ಪ್ರಯತ್ನಿಸಿದನು. ಅವನ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆಯವರು ತಮಿಳಿನಲ್ಲಿ ಬರೆದಿಟ್ಟ ದಿನಚರಿಯಲ್ಲಿ ಆ ದಿನಗಳ ವಿವರಗಳಿವೆ. ಯುದ್ಧವನ್ನು ಸಾರಿದವರು ಯೂರೋಪಿನ ರಾಜರು. ಮನೆಗಳನ್ನು ಕಳೆದುಕೊಂಡವರು ಆ ರಾಜರ ಹೆಸರನ್ನೂ ಕೇಳಿರದ ಜನರು.

1748ರಲ್ಲಿ ಯೂರೋಪಿನಲ್ಲಿ ಸಂಧಿಯಾಯಿತು. ಉತ್ತರ ಅಮೆರಿಕದಲ್ಲಿ ಲೂಯಿಬೂರ್ ಎಂಬ ಫ್ರೆಂಚ್ ಕೋಟೆಯನ್ನು 1745ರಲ್ಲಿ ಇಂಗ್ಲಿಷರ ಕಡೆಯವರು ದಡವಿಳಿತದಿಂದಲೇ ಗೆದ್ದಿದ್ದರು. ಅದನ್ನು ಹಿಂದಕ್ಕೆ ಪಡೆದು ಫ್ರೆಂಚರು ಮದರಾಸನ್ನು ಬಿಟ್ಟುಕೊಟ್ಟರು. 1749ರಲ್ಲಿ ಪಟ್ಟಣವು ಮತ್ತೆ ಇಂಗ್ಲಿಷರದಾಯಿತು. ಇಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಲಾ ಬೂರ್ದೊನೆಯು ತನ್ನ ದೇಶಕ್ಕೆ ಮರಳಿ ಬಾಸ್ತೀಲ್ ಸೆರೆಮನೆಯನ್ನು ಸೇರಿದನು. 1751ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿ, 1753ರಲ್ಲಿ ತೀರಿಕೊಂಡನು. 1758ರ ಕೊನೆಯಲ್ಲಿ ಲಾಲಿ ಎಂಬ ಫ್ರೆಂಚ್ ಸೇನಾಪತಿಯು ನೆಲದ ಕಡೆಯಿಂದ ಮದರಾಸನ್ನು ಮತ್ತೆ ಮುತ್ತಿದನು. ಆದರೆ ಈ ಸಲ ಕಡಲು ಫ್ರೆಂಚರ ಕೈಯಲ್ಲಿರಲಿಲ್ಲ. 1759ರ ಫೆಬ್ರುವರಿಯಲ್ಲಿ ಇಂಗ್ಲಿಷ್ ಹಡಗುಗಳು ಕಾಣಿಸಿಕೊಂಡೊಡನೆ ಅವನು ಮುತ್ತಿಗೆಯನ್ನು ತೆಗೆದನು.

ಕಡಲಿನಿಂದ ಶತ್ರುವು ಬಂದಾನೆಂಬ ಭಯವು ಮದರಾಸನ್ನು ಬಿಟ್ಟುಹೋಗಲಿಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡನ್ ಎಂಬ ಜರ್ಮನ್ ಹಡಗು ಬಂದು ಎಣ್ಣೆಯ ತೊಟ್ಟಿಗಳನ್ನು ಸುಟ್ಟು ಮಾಯವಾಯಿತು. ಅದು ಯಾರನ್ನೂ ದಡಕ್ಕಿಳಿಸಲಿಲ್ಲ. 1942ರಲ್ಲಿ ಭಯವು ಇನ್ನೂ ದೊಡ್ಡದಾಯಿತು. ಫೆಬ್ರುವರಿಯಲ್ಲಿ ಸಿಂಗಪುರವೂ, ಮಾರ್ಚಿಯಲ್ಲಿ ರಂಗೂನು ಮತ್ತು ಅಂಡಮಾನ್ ದ್ವೀಪಗಳೂ ಜಪಾನಿಯರ ವಶವಾದವು. ಏಪ್ರಿಲ್ 5ರಂದು ಕೊಲಂಬೊ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡ, 9ರಂದು ತ್ರಿಕೋಣಮಲೆಗಳ ಮೇಲೆ ಬಾಂಬುಗಳು ಬಿದ್ದವು. ಮುಂದಿನ ಸರದಿ ಮದರಾಸಿನದೆಂದು ಎಲ್ಲರೂ ನಂಬಿದರು. ಜನರು ಗಂಟುಮೂಟೆ ಕಟ್ಟಿಕೊಂಡು ರೈಲುನಿಲ್ದಾಣಗಳಿಗೆ ನುಗ್ಗಿದರು; ಬೀದಿಗಳು ಬಿಕೋ ಎಂದವು; ಬಾಂಬು ಬಿದ್ದು ಬೋನುಗಳು ಒಡೆದರೆ ಅಪಾಯವೆಂದು ಮೃಗಶಾಲೆಯ ಕ್ರೂರಪ್ರಾಣಿಗಳನ್ನು ಗುಂಡಿಕ್ಕಿ ಕೊಂದರು. ಆದರೆ ದಡವಿಳಿತವು ನಡೆಯಲಿಲ್ಲ.

ಜಪಾನಿಯರು ಅಂದು ನಿಜವಾಗಿಯೂ ಇಳಿದಿದ್ದರೆ ಏನಾಗುತ್ತಿತ್ತು ಎಂದು ಕಲ್ಪಿಸುವುದು ಕುತೂಹಲಕರವೇ ಸರಿ. ನಮ್ಮ ಐದು ಅಂಗಗಳನ್ನು ಇಟ್ಟು ನೋಡಿದರೆ ಉತ್ತರವು ಹೊಳೆಯುತ್ತದೆ. ಕಡಲು ಕೆಲವು ದಿನ ಅವರ ಕೈಯಲ್ಲಿದ್ದುದು ನಿಜ. ಆದರೆ ಅವರ ಆ ನೌಕಾಪಡೆಯು ಬಂದುದು ಬ್ರಿಟಿಷರ ಹಡಗುಗಳನ್ನು ಹೊಡೆಯುವುದಕ್ಕೆ. ದಡಕ್ಕಿಳಿಸುವ ಸೈನ್ಯವು ಅದರೊಡನೆ ಇರಲಿಲ್ಲ. ಇಳಿದ ಸೈನ್ಯಕ್ಕೆ ಸಾವಿರಾರು ಮೈಲಿ ದೂರದಿಂದ ಅನ್ನವನ್ನೂ ಮದ್ದನ್ನೂ ಒದಗಿಸಬೇಕಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಈಶಾನ್ಯದ ಮಾರುತವೂ ಬರುತ್ತಿತ್ತು. ಆ ನೌಕಾಪಡೆಯು ಶಾಂತಸಾಗರಕ್ಕೆ ಹಿಂದಿರುಗಿತು. ಲೆಕ್ಕವನ್ನು ತಿಳಿದವರಿಗೆ ಭಯವು ಸ್ವಲ್ಪ ಕಡಮೆಯಾಗುತ್ತಿತ್ತು. ಆದರೆ ಆ ಲೆಕ್ಕವು ಅಂದು ರೈಲಿಗಾಗಿ ಕಾದು ನಿಂತ ತಾಯಂದಿರಿಗೆ ತಿಳಿಯುವಂತಿರಲಿಲ್ಲ.

ನಾರ್ಮಂಡಿಯಲ್ಲಿ ಮಿತ್ರರಾಷ್ಟ್ರಗಳು ಈ ಐದು ಅಂಗಗಳನ್ನೂ ವರ್ಷಗಟ್ಟಲೆ ಸಿದ್ಧಪಡಿಸಿದವು. ಒಂದೇ ದಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಕಡಲಿನಿಂದಲೂ ಆಕಾಶದಿಂದಲೂ ಇಳಿದರು. ಬಂದರಿಲ್ಲದ ತೀರಕ್ಕೆ ಕೃತಕವಾದ ಬಂದರುಗಳನ್ನೇ ತೇಲಿಸಿ ತಂದರು. ಆದರೂ ಜೂನ್ ತಿಂಗಳ ಒಂದು ಬಿರುಗಾಳಿಯು ಆ ಎರಡು ಬಂದರುಗಳಲ್ಲಿ ಒಂದನ್ನು ನಾಶಮಾಡಿತು. 1746ರಲ್ಲಿ ನಾರಿನ ಹುರಿಯ ದೋಣಿಯಿತ್ತು, 1944ರಲ್ಲಿ ಉಕ್ಕಿನ ನಾವೆಯಿತ್ತು. ಗಾಳಿಯ ಬಲವು ಮಾತ್ರ ಬದಲಾಗಲಿಲ್ಲ.

ಈಗ ಚೆನ್ನೈಯ ತೀರವು ಲಾ ಬೂರ್ದೊನೆಯು ಕಂಡ ತೀರವಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬಂದರಿನ ಕಟ್ಟೆಗಳನ್ನು ಕಟ್ಟಿದ ಮೇಲೆ, ದಕ್ಷಿಣದಿಂದ ಉತ್ತರಕ್ಕೆ ತೀರದುದ್ದಕ್ಕೂ ಸಾಗುತ್ತಿದ್ದ ಮರಳು ಅಲ್ಲಿಯೇ ತಡೆದು ನಿಂತಿತು. ಕಟ್ಟೆಯ ದಕ್ಷಿಣಕ್ಕೆ ಕಡಲು ಹಿಂದೆ ಸರಿದು ಮರೀನದ ವಿಶಾಲವಾದ ಮರಳು ಹರಡಿಕೊಂಡಿತು; ಉತ್ತರಕ್ಕೆ ರಾಯಪುರ, ತಿರುವೊಟ್ಟಿಯೂರುಗಳ ಕಡೆ ಕಡಲು ನೆಲವನ್ನು ಕೊರೆಯತೊಡಗಿತು. ಸಂಜೆ ನಾವು ಗಾಳಿ ಸೇವಿಸುವ ಮರಳಿನ ಬಹುಭಾಗವು 1746ರಲ್ಲಿ ನೀರಾಗಿತ್ತು.

ಚರಿತ್ರೆಯನ್ನು ರಾಜರ ಹೆಸರು ಮತ್ತು ಇಸವಿಗಳ ಪಟ್ಟಿಯೆಂದು ಬಗೆದು ಬೇಸರಪಡುವವರು ನಮ್ಮಲ್ಲಿ ಉಂಟು. ಆದರೆ ಈ ಒಂದು ಪ್ರಸಂಗದಲ್ಲಿಯೇ ಭೂಗೋಳವಿದೆ, ಅಲೆಗಳ ವಿಜ್ಞಾನವಿದೆ, ದೋಣಿ ಕಟ್ಟುವ ಕುಶಲಕಲೆಯಿದೆ, ನುಡಿದಂತೆ ನಡೆಯದವರಿಗೆ ಒದಗುವ ಗತಿಯಿದೆ. ಸೇಂಟ್ ಜಾರ್ಜ್ ಕೋಟೆಯಲ್ಲಿ ಈಗ ರಾಜ್ಯದ ವಿಧಾನಸಭೆಯು ಸೇರುತ್ತದೆ. ಅಡೆಯಾರಿನ ಸೇತುವೆಗಳ ಮೇಲೆ ದಿನವೂ ವಾಹನಗಳು ಹರಿಯುತ್ತವೆ. ಆ ದಾರಿಯಲ್ಲಿ ಹೋಗುವಾಗ ನಮ್ಮ ವಿದ್ಯಾರ್ಥಿಗಳು ಕ್ಷಣಕಾಲ ಕಡಲಿನ ಕಡೆಗೆ ತಿರುಗಿ, ಒಡೆಯುವ ತೆರೆಗಳ ಸಾಲುಗಳನ್ನು ಎಣಿಸಿ ನೋಡಲಿ. ಹೆಸರಿಲ್ಲದ ಆ ಚುಕ್ಕಾಣಿಗನು ಎಣಿಸುತ್ತಿದ್ದುದೂ ಅವನ್ನೇ.